ಮೊಹರು ಒಡೆಯದ ತಪಾಸಣೆ ಸಣ್ಣ ರಫ್ತುದಾರರಿಗೂ ದೊರೆಯಲಿ

ಮಾದಕವಸ್ತುವನ್ನು ದ್ರವದಲ್ಲಿ ಕರಗಿಸಿ ಸಾಗಿಸುವುದು ಕಳ್ಳಸಾಗಣೆದಾರರ ಹಳೆಯ ತಂತ್ರ. ಸಾಮಾನ್ಯವಾಗಿ ಸಾಗಣೆಯಾಗುವ ಕೊಕೇನ್ ಲವಣವು ನೀರಿನಲ್ಲಿಯೂ ಮದ್ಯಸಾರದಲ್ಲಿಯೂ ಕರಗುತ್ತದೆ. ರಮ್ ಅಥವಾ ವೈನ್ ಬಾಟಲಿಯಲ್ಲಿ ಒಮ್ಮೆ ಕರಗಿತೆಂದರೆ ಅದು ಕಣ್ಣಿಗೆ ಕಾಣದು. ಹೀಗಾಗಿ ಅನುಮಾನ ಬಂದಾಗ ಅಧಿಕಾರಿಗಳು ಮುಚ್ಚಳ ತೆರೆದು ಮಾದರಿ ತೆಗೆಯುವ ಮಾರ್ಗವನ್ನೇ ಹಿಡಿಯಬೇಕಾಗುತ್ತದೆ.

ಇದರ ನಷ್ಟವನ್ನು ಭರಿಸುವವನು ಪ್ರಾಮಾಣಿಕ ತಯಾರಕ. ಮೊಹರು ಒಡೆದ ಔಷಧಿ ಸಿರಪ್ಪನ್ನಾಗಲಿ, ಹಣ್ಣಿನ ತಿರುಳನ್ನಾಗಲಿ ಯಾವ ಖರೀದಿದಾರನೂ ಸ್ವೀಕರಿಸುವುದಿಲ್ಲ. ದೊಡ್ಡ ಕಂಪನಿಗಳು ತಾಳಿಕೊಳ್ಳಬಲ್ಲ ಈ ಪೆಟ್ಟು ಸಣ್ಣ ಉದ್ಯಮಿಯ ಇಡೀ ವರ್ಷದ ಲಾಭವನ್ನೇ ನುಂಗಬಹುದು.

ಹಾಗೆಂದು ತಪಾಸಣೆಯೇ ಬೇಡವೆನ್ನುವುದು ವಿವೇಕವಲ್ಲ. ದಾರಿಯಲ್ಲಿ ಯಾರೋ ಕೈಯಾಡಿಸಿದ ಸರಕು ತಯಾರಕನನ್ನೇ ಸಂಕಷ್ಟಕ್ಕೆ ದೂಡಬಲ್ಲದು. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಕೊಕೇನ್‌ನ ವಾಣಿಜ್ಯ ಪ್ರಮಾಣದ ಮಿತಿ 100 ಗ್ರಾಂ. ಅದನ್ನು ಮೀರಿದರೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆ. ಶುದ್ಧ ಮಾದಕವಸ್ತುವನ್ನಷ್ಟೇ ಅಲ್ಲ, ಮಿಶ್ರಣದ ಒಟ್ಟು ತೂಕವನ್ನು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂದಮೇಲೆ ಒಂದೇ ಬಾಟಲಿಯ ದ್ರವವೂ ಈ ಮಿತಿಯನ್ನು ದಾಟಬಹುದು. ಆರೋಪಿಗೆ ಅಪರಾಧಿ ಮನಸ್ಸು ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನೂ ಕಾಯ್ದೆಯ 35ನೇ ಕಲಮು ಆರೋಪಿಯ ಮೇಲೆಯೇ ಹೊರಿಸುತ್ತದೆ.

ಈ ಇಕ್ಕಟ್ಟಿಗೆ ವಿಜ್ಞಾನವು ದಾರಿ ತೋರಿಸಿದೆ. ಮುಂದೆ ಬೆಂಗಳೂರನ್ನೇ ಕರ್ಮಭೂಮಿಯಾಗಿಸಿಕೊಂಡ ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವೇ ಇದಕ್ಕೆ ಆಧಾರ. ಲೇಸರ್ ಬೆಳಕು ವಸ್ತುವಿಗೆ ತಾಗಿ ಚದುರುವಾಗ ಅದರ ಅಲ್ಪಾಂಶದ ಬಣ್ಣ ಬದಲಾಗುತ್ತದೆ. ಆ ಬದಲಾವಣೆಯು ಆಯಾ ಅಣುವಿಗೆ ಬೆರಳಚ್ಚಿನಂತೆ ವಿಶಿಷ್ಟ. ಆದರೆ ಬಣ್ಣದ ಗಾಜು, ಪ್ಲಾಸ್ಟಿಕ್ಕುಗಳು ತಮ್ಮದೇ ಬೆಳಕನ್ನು ಸೂಸಿ ಒಳಗಿನ ಗುರುತನ್ನು ಮರೆಮಾಡುತ್ತಿದ್ದವು. ಬ್ರಿಟನ್ನಿನ ರುದರ್‌ಫರ್ಡ್ ಆಪಲ್ಟನ್ ಪ್ರಯೋಗಾಲಯದ ವಿಜ್ಞಾನಿಗಳು 2005ರ ಸುಮಾರಿಗೆ ಇದಕ್ಕೆ ಪರಿಹಾರ ಕಂಡುಕೊಂಡರು. ಲೇಸರ್ ಬಿದ್ದ ಜಾಗದಿಂದ ಕೆಲವು ಮಿಲಿಮೀಟರ್ ದೂರದಲ್ಲಿ ಹೊಮ್ಮುವ ಬೆಳಕನ್ನು ಸಂಗ್ರಹಿಸಿ, ಅದರಿಂದ ಪಾತ್ರೆಯ ಪಾಲನ್ನು ಕಳೆದರೆ ಒಳಗಿನ ದ್ರವದ ಗುರುತು ಉಳಿಯುತ್ತದೆ. ಈ ತತ್ವದ ಯಂತ್ರಗಳು 2014ರಲ್ಲಿಯೇ ಯುರೋಪಿನ ಹಲವು ವಿಮಾನ ನಿಲ್ದಾಣಗಳಲ್ಲಿ ಸ್ಫೋಟಕ ದ್ರವಗಳ ಪತ್ತೆಗೆ ಬಳಕೆಗೆ ಬಂದವು.

ಯಂತ್ರಕ್ಕೂ ಮಿತಿಯಿದೆ. ಲೋಹದ ಡಬ್ಬಿಯೊಳಗೆ ಬೆಳಕು ಹೋಗದು. ಅತ್ಯಲ್ಪ ಪ್ರಮಾಣದಲ್ಲಿ ಕರಗಿದ ವಸ್ತು ತಪ್ಪಿಸಿಕೊಳ್ಳಬಹುದು. ಆದ್ದರಿಂದ ಯಂತ್ರದ ಸೂಚನೆಯನ್ನು ತೀರ್ಪೆಂದು ಭಾವಿಸದೆ ಪ್ರಯೋಗಾಲಯದ ವರದಿಗೆ ಕಾಯುವುದು ನ್ಯಾಯೋಚಿತ.

ಸಣ್ಣ ರಫ್ತುದಾರರ ಸರಕು ಸಾಗುವ ಪ್ರತಿ ಕಾರ್ಗೋ ನೆಲೆಯಲ್ಲಿಯೂ ಇಂತಹ ಯಂತ್ರ ಲಭ್ಯವಿರಬೇಕೆಂದು ವಾಣಿಜ್ಯ ಸಂಸ್ಥೆಗಳು ಕಸ್ಟಮ್ಸ್ ಇಲಾಖೆಯನ್ನು ಒತ್ತಾಯಿಸಬೇಕಾಗಿದೆ. ಮೊದಲು ತೆರೆಯದೆ ಪರೀಕ್ಷೆ, ಅನುಮಾನ ಉಳಿದರೆ ಮಾತ್ರ ರಫ್ತುದಾರನ ಅಥವಾ ಆತನ ಕ್ಲಿಯರಿಂಗ್ ಏಜೆಂಟನ ಸಮಕ್ಷಮದಲ್ಲಿ ತೆರೆಯುವುದು ನಿಯಮವಾಗಬೇಕು. ಉದ್ಯಮಿಗಳೂ ಪ್ರತಿ ಬ್ಯಾಚಿನ ಮಾದರಿಯನ್ನು ಕಾಪಿಟ್ಟು, ಮೊಹರಿನ ಸಂಖ್ಯೆಯನ್ನು ದಾಖಲಿಸಿ, ಸರಕು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಲೆಕ್ಕವನ್ನು ಇಡುವುದು ಅತ್ಯಗತ್ಯ. ಕಳ್ಳನನ್ನು ಹಿಡಿಯುವ ಕಾರ್ಯದಲ್ಲಿ ಪ್ರಾಮಾಣಿಕನ ಸರಕು ಹಾಳಾಗಬೇಕಾದ ಅನಿವಾರ್ಯತೆ ಇನ್ನಿಲ್ಲ.