ಲಾರಿ ಎಂಜಿನ್ನಿನ ಉಸಿರುದಾರಿ

ಈಗಿನ ಲಾರಿಯ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಉರಿಯುವ ಗಳಿಗೆಗೆ ಸಿಲಿಂಡರಿನ ಒತ್ತಡ 150 ಬಾರ್ ದಾಟುತ್ತದೆ. ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿ ಕೂತಿದ್ದರೂ ಅವುಗಳ ತುದಿಗಳು ಸೇರುವಲ್ಲಿ ಒಂದಿಷ್ಟು ಸಂದು ಬಿಡಲೇಬೇಕು. ಬಿಡದಿದ್ದರೆ ಕಾದು ಹಿಗ್ಗಿದ ರಿಂಗು ಲೈನರನ್ನು ಕಚ್ಚಿ ಹಿಡಿಯುತ್ತದೆ. ಆ ಸಂದಿನಿಂದ ಪ್ರತಿ ಹೊಡೆತಕ್ಕೂ ಸ್ವಲ್ಪ ಅನಿಲ ಕೆಳಗೆ ನುಸುಳಿ, ಕ್ರ್ಯಾಂಕ್ ತಿರುಗುವ ಭಾಗಕ್ಕೆ ಇಳಿಯುತ್ತದೆ. ಗ್ಯಾರೇಜಿನವರ ಬಾಯಲ್ಲಿ ಇದು ‘ಬ್ಯಾಕ್ ಕಂಪ್ರೆಷನ್’. ಸವೆದ ಎಂಜಿನ್ನಿನಲ್ಲಿ ಇದು ಹೆಚ್ಚು. ಆದರೆ ಶೋರೂಮಿನಿಂದ ನಿನ್ನೆ ಹೊರಬಂದ ಗಾಡಿಯಲ್ಲೂ ಇದ್ದೇ ಇರುತ್ತದೆ. ಮಸಿ, ನೀರಾವಿ, ಅರೆಬರೆ ಉರಿದ ಡೀಸೆಲ್ ಕೂಡಿದ ಈ ಅನಿಲ, ಕ್ರ್ಯಾಂಕಿನ ರಭಸಕ್ಕೆ ಎದ್ದ ಆಯಿಲ್ಲಿನ ತುಂತುರನ್ನೂ ಸೇರಿಸಿಕೊಂಡು ಹೊರಗೆ ಹೋಗಲು ದಾರಿ ಹುಡುಕುತ್ತದೆ. ಆ ದಾರಿಯೇ ಬ್ರೀದರ್.

ಬಹುಕಾಲ ಈ ದಾರಿ ಬಯಲಿಗೇ ತೆರೆದಿತ್ತು. ಟ್ಯಾಪೆಟ್ ಕವರಿನಿಂದಲೋ ಬ್ಲಾಕಿನ ಪಕ್ಕದಿಂದಲೋ ಹೊರಟ ಪೈಪು ಷಾಸಿಯ ಕೆಳಗಿಳಿದು ನೆಲ ನೋಡುತ್ತಿತ್ತು. ಗಾಡಿ ಓಡುವಾಗ ಪೈಪಿನ ಬಾಯಿಯ ಮೇಲೆ ಹಾಯುವ ಗಾಳಿ ಒಳಗಿನದನ್ನು ಎಳೆದು ಹಾಕುತ್ತಿತ್ತು. ಗಾಡಿ ನಿಂತರೆ ಎಳೆತವೂ ನಿಲ್ಲುತ್ತಿತ್ತು. ಬಸ್ ನಿಲ್ದಾಣಗಳ ನೆಲದ ಮೇಲಿನ ಕಪ್ಪು ಜಿಡ್ಡಿನ ಕಲೆಗಳಲ್ಲಿ ಈ ಪೈಪಿನ ಪಾಲೂ ಇತ್ತು. ಪೆಟ್ರೋಲ್ ಕಾರುಗಳು ಹೊರಬಿಡುವ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಭಾಗ ಸೈಲೆನ್ಸರಿನಿಂದಲ್ಲ, ಈ ಪೈಪಿನಿಂದ ಬರುತ್ತದೆ ಎಂದು ತಿಳಿದಾಗ ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಕಾರುಗಳಿಂದ ಅದನ್ನು ಮುಚ್ಚುವ ಕ್ರಮ ಆರಂಭವಾಯಿತು. ಅನಿಲವನ್ನು ಒಂದು ವಾಲ್ವಿನ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆಸಿ ಮತ್ತೆ ಉರಿಸುವುದು ಆ ಉಪಾಯ.

ಲಾರಿಗೆ ಅದೇ ಉಪಾಯ ಒಗ್ಗುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತ ಡೀಸೆಲ್ಲಿನಲ್ಲಿ ಹೆಚ್ಚೂಕಡಿಮೆ ಇಲ್ಲ. ಟರ್ಬೊ ಇದ್ದರಂತೂ ಅಲ್ಲಿ ಒತ್ತಡವೇ ಇರುತ್ತದೆ. ಹಾಗಾಗಿ ಬ್ರೀದರಿನ ಹೋಸನ್ನು ಏರ್ ಫಿಲ್ಟರಿಗೂ ಟರ್ಬೊಗೂ ನಡುವೆ, ಗಾಳಿ ಒಳಕ್ಕೆ ಎಳೆಯಲ್ಪಡುವ ಜಾಗದಲ್ಲಿ ಜೋಡಿಸುತ್ತಾರೆ. ಎಳೆತ ಅತಿಯಾಗಬಾರದೆಂದು ನಡುವೆ ಡಯಾಫ್ರಾಮಿನ ವಾಲ್ವು. ಆಯಿಲ್ ಟರ್ಬೊಗೆ ಹೋಗಬಾರದೆಂದು ಅದನ್ನು ಬೇರ್ಪಡಿಸುವ ಜಾಲರಿ ಅಥವಾ ಗಿರಗಿರನೆ ತಿರುಗುವ ತಟ್ಟೆಗಳ ಸೆಪರೇಟರು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಕಾಲದ ಲಾರಿಗಳಲ್ಲಿ ಬ್ರೀದರಿನ ಅನಿಲವೂ ಲೆಕ್ಕಕ್ಕೆ ಬರುತ್ತದೆ: ಒಂದೋ ಅದನ್ನು ಒಳಗೇ ತಿರುಗಿಸಬೇಕು, ಇಲ್ಲವೇ ಸೈಲೆನ್ಸರಿನ ಹೊಗೆಯ ಜೊತೆ ಕೂಡಿಸಿ ಅಳೆಯಬೇಕು. ಆದರೆ ಗಾಡಿ ರಸ್ತೆಗಿಳಿದ ಮೇಲೆ ಹೊಗೆ ತಪಾಸಣೆಯ ಕೇಂದ್ರದವರು ನಳಿಕೆ ತೂರಿಸುವುದು ಸೈಲೆನ್ಸರಿಗೆ ಮಾತ್ರ. ಬ್ರೀದರ್ ಹೋಸ್ ಕಳಚಿ ನೇತಾಡುತ್ತಿದ್ದರೂ ಸರ್ಟಿಫಿಕೇಟು ಸಿಗುತ್ತದೆ.

ಊರೊಳಗಿನ ಓಡಾಟದಲ್ಲಿ ಈ ವ್ಯವಸ್ಥೆಯ ಮುಖ್ಯ ವೈರಿ ನೀರು. ಬೆಂಗಳೂರಿನ ಬಸವೇಶ್ವರನಗರದ ಸಿದ್ದಯ್ಯ ಪುರಾಣಿಕ ರಸ್ತೆಯಿಂದ ಅಡ್ಡರಸ್ತೆಗೆ ತಿರುಗುವ ನೀರಿನ ಟ್ಯಾಂಕರನ್ನೇ ನೋಡಬಹುದು. ಒಂದೆರಡು ಕಿಲೋಮೀಟರ್ ಬಂದು ನಿಲ್ಲುತ್ತದೆ, ಸಂಪು ತುಂಬುವವರೆಗೆ ಎಂಜಿನ್ನು ಐಡಲಿಂಗಿಗಿಂತ ತುಸು ಮೇಲೆ ಗುರುಗುಟ್ಟುತ್ತಾ ಪಂಪು ತಿರುಗಿಸುತ್ತದೆ, ಮತ್ತೆ ಹೊರಡುತ್ತದೆ. ಮನೆಮನೆಯ ಕಸ ಸಂಗ್ರಹಿಸುವ ಗಾಡಿಯ ಪಾಡೂ ಇದೇ. ಇಂಥ ಕೆಲಸದಲ್ಲಿ ಎಂಜಿನ್ ಆಯಿಲ್ ಪೂರ್ತಿ ಕಾಯುವುದೇ ಅಪರೂಪ. ನೀರಾವಿ ಹೊರಹೋಗುವ ಬದಲು ತಣ್ಣನೆಯ ಕವರಿನ ಒಳಮೈಗೆ ಹನಿಗಟ್ಟಿ ಆಯಿಲ್ಲಿನೊಂದಿಗೆ ಕಲೆಯುತ್ತದೆ. ಡಿಸೆಂಬರಿನ ಬೆಳಿಗ್ಗೆ ಆಯಿಲ್ ಕ್ಯಾಪ್ ತಿರುಗಿಸಿ ಬಿಚ್ಚಿದರೆ ಅದರ ಒಳಬದಿಗೆ ಕಡೆದ ಬೆಣ್ಣೆಯಂಥ ಬಿಳಿಹಳದಿ ಲೇಪ ಅಂಟಿರುತ್ತದೆ. ಅದೇ ಲೇಪ ಮಸಿಯೊಂದಿಗೆ ಸೇರಿ ಬ್ರೀದರಿನ ಜಾಲರಿಯಲ್ಲಿ ಗಟ್ಟಿಯಾದರೆ ದಾರಿ ಮುಚ್ಚಿತು.

ಮುಚ್ಚಿದ ದಾರಿಯ ಪರಿಣಾಮ ಬೇರೆಲ್ಲೋ ಕಾಣಿಸುವುದರಿಂದಲೇ ಈ ವಿಷಯ ದುಬಾರಿಯಾಗುವುದು. ಒಳಗಿನ ಒತ್ತಡ ಏರಿ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒಸರುತ್ತದೆ. ಸೀಲ್ ಬದಲಾಯಿಸಿದ ಕೆಲವೇ ದಿನಕ್ಕೆ ಹೊಸದೂ ಒಸರುತ್ತದೆ. ಟರ್ಬೊದ ಕಥೆ ಇನ್ನೂ ಕೆಟ್ಟದ್ದು. ಟರ್ಬೊಗೆ ಒತ್ತಡದಿಂದ ಹೋದ ಆಯಿಲ್ ತನ್ನ ತೂಕದಿಂದಲೇ ಕೆಳಗಿನ ಆಯಿಲ್ ಚೇಂಬರಿಗೆ ಇಳಿದು ಬರಬೇಕು. ಕೆಳಗೆ ಒತ್ತಡ ಹೆಚ್ಚಿದ್ದರೆ ಅದು ಇಳಿಯದೆ ಸೀಲ್ ದಾಟಿ ಇನ್‌ಟೇಕಿಗೂ ಸೈಲೆನ್ಸರಿಗೂ ನುಗ್ಗುತ್ತದೆ. ನೀಲಿ ಹೊಗೆ ಕಂಡವರು ಟರ್ಬೊ ಹೋಯಿತೆಂದು ತೀರ್ಮಾನಿಸಿ ಹೊಸದು ಹಾಕಿಸುತ್ತಾರೆ. ಹೊಗೆ ಹಾಗೇ ಉಳಿಯುತ್ತದೆ. ಇನ್‌ಟೇಕಿಗೆ ಆಯಿಲ್ ತೀರಾ ಹೆಚ್ಚಾಗಿ ಹೋದರೆ ಎಂಜಿನ್ನು ಅದನ್ನೇ ಇಂಧನವಾಗಿ ಉರಿಸಿಕೊಂಡು ಹತೋಟಿ ಮೀರಿ ತಿರುಗತೊಡಗುತ್ತದೆ. ಆಗ ಕೀ ತೆಗೆದರೂ ನಿಲ್ಲದು. ಗಾಳಿಯ ದಾರಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ.

ಪರೀಕ್ಷೆಗೆ ಬೇಕಾದದ್ದು ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು ಮತ್ತು ಒಂದಿಷ್ಟು ನೀರು. ಟ್ಯೂಬನ್ನು U ಆಕಾರಕ್ಕೆ ಬಗ್ಗಿಸಿ ನೀರು ತುಂಬಿ, ಒಂದು ತುದಿಯನ್ನು ಆಯಿಲ್ ಗೇಜಿನ ಕೊಳವೆಗೆ ಗಾಳಿಯಾಡದಂತೆ ಸಿಕ್ಕಿಸಿ ಎಂಜಿನ್ ಓಡಿಸಬೇಕು. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಮಿಲಿಮೀಟರ್ ವ್ಯತ್ಯಾಸವೆಂದರೆ ಸುಮಾರು 1 ಮಿಲಿಬಾರ್. ಮಿತಿ ಎಷ್ಟೆಂಬುದು ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಅಳತೆ ಹೆಚ್ಚಿದ್ದರೆ ಬ್ರೀದರ್ ಹೋಸ್ ಕಳಚಿ ಮತ್ತೆ ನೋಡಬೇಕು: ಒತ್ತಡ ಕುಸಿದರೆ ತಪ್ಪು ಬ್ರೀದರಿನದು, ಕುಸಿಯದಿದ್ದರೆ ರಿಂಗು-ಲೈನರಿನ ಕಡೆ ಗಮನ ಹರಿಸಬೇಕು. ಆಯಿಲ್ ಕ್ಯಾಪನ್ನು ಸಡಿಲಿಸಿ ಬಾಯಿಯ ಮೇಲಿಟ್ಟು, ಅದು ಕುಣಿಯುತ್ತದೆಯೇ ಎಂದು ನೋಡುವ ಗ್ಯಾರೇಜಿನ ಪದ್ಧತಿ ತಪ್ಪಲ್ಲ; ಆದರೆ ಈ ಎರಡು ದೋಷಗಳನ್ನು ಅದು ಬೇರ್ಪಡಿಸಲಾರದು. ಅಷ್ಟರ ಮೇಲೆಯೇ ರಿಂಗು-ಲೈನರ್ ಬದಲಿಸುವ ‘ಹಾಫ್ ಎಂಜಿನ್’ ಕೆಲಸಕ್ಕೆ ಒಪ್ಪಿಕೊಳ್ಳುವುದು ದುಡುಕು.

ರೇಸಿನ ಟ್ರ್ಯಾಕಿನಲ್ಲಿ ಸಮಸ್ಯೆ ತಿರುಗುಮುರುಗು. ಭಾರತದಲ್ಲಿ ಟ್ರಕ್ಕುಗಳ ರೇಸ್ 2014ರ ಮಾರ್ಚಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ, ಟಾಟಾ ಪ್ರೈಮಾ ಗಾಡಿಗಳೊಂದಿಗೆ ನಡೆಯಿತು. ಯುರೋಪಿನ ಚಾಂಪಿಯನ್‌ಷಿಪ್ಪಿನಲ್ಲಿ ವೇಗಮಿತಿ ಗಂಟೆಗೆ 160 ಕಿಲೋಮೀಟರಾದರೂ ಎಂಜಿನ್ನುಗಳ ಶಕ್ತಿ ಸಾವಿರ ಅಶ್ವಶಕ್ತಿ ದಾಟುತ್ತದೆ. ಅಷ್ಟು ಶಕ್ತಿಗೆ ಸಿಲಿಂಡರಿನ ಒತ್ತಡವೂ ರಿಂಗು ದಾಟುವ ಅನಿಲವೂ ಹೆಚ್ಚುತ್ತವೆ. ಎಂಜಿನ್ನು ಸದಾ ಕಾದಿರುವುದರಿಂದ ನೀರು ನಿಲ್ಲುವುದಿಲ್ಲ. ಕಾಟ ಕೊಡುವುದು ಆಯಿಲ್. ಉದ್ದನೆಯ ತಿರುವಿನಲ್ಲಿ ಅದು ಚೇಂಬರಿನ ಒಂದು ಮಗ್ಗುಲಿಗೆ ಏರಿ ನಿಲ್ಲುತ್ತದೆ, ಹೆಡ್ಡಿನಿಂದ ಇಳಿಯಬೇಕಾದದ್ದು ಮೇಲೆಯೇ ಉಳಿಯುತ್ತದೆ, ರಭಸದಿಂದ ಹೊರಡುವ ಅನಿಲ ಅದನ್ನು ಹೊತ್ತೊಯ್ಯುತ್ತದೆ. ಟ್ರ್ಯಾಕಿನ ಮೇಲೆ ಬಿದ್ದ ಆಯಿಲ್ ಹಿಂದೆ ಬರುವವರ ಜೀವಕ್ಕೆ ಕುತ್ತು. ಆದ್ದರಿಂದಲೇ ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮಾವಳಿ ರೇಸ್ ಕಾರುಗಳಿಗೆ, ಬ್ರೀದರ್ ತೆರೆದಿದ್ದರೆ ಅದು ಆಯಿಲ್ ಹಿಡಿದಿಡುವ ಕ್ಯಾಚ್ ಟ್ಯಾಂಕಿಗೇ ಹೋಗಬೇಕೆಂದು ಹೇಳುತ್ತದೆ: 2000 ಸಿಸಿವರೆಗೆ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್, ಒಳಗೆಷ್ಟಿದೆ ಎಂದು ಹೊರಗಿನಿಂದ ಕಾಣುವಂತೆ.

ಈ ಟ್ಯಾಂಕಿನ ಮರಿಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಂದ ಈಗ ಪಿಕಪ್ಪು, ಜೀಪುಗಳ ಬಾನೆಟ್ಟಿನೊಳಗೂ ಬಂದಿವೆ. ರಸ್ತೆಯ ಗಾಡಿಯಲ್ಲಿ ಡಬ್ಬಿಯ ಬಾಯಿ ಬಯಲಿಗೆ ತೆರೆದಿರುವುದು ಸಲ್ಲದು. ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತದೆ, ತಯಾರಕರ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನಿನ ಅಡ್ಡಿಯೂ ಇದೆ. ಹಾಕಲೇಬೇಕೆಂದರೆ ಬ್ರೀದರಿಗೂ ಟರ್ಬೊಗೂ ನಡುವೆ, ಮುಚ್ಚಿದ ದಾರಿಯಲ್ಲೇ ಕೂರಿಸಬೇಕು. ಒಳಗೆ ತಡೆತಟ್ಟೆಯಾಗಲಿ ಜಾಲರಿಯಾಗಲಿ ಇಲ್ಲದ ಅಗ್ಗದ ಡಬ್ಬಿ ಬರಿಯ ಅಲಂಕಾರ. ಹೋಸ್ ಮೂಲದ್ದಕ್ಕಿಂತ ಸಣ್ಣದಿರಬಾರದು, ಎಲ್ಲೂ ಜೋತು ಬೀಳಬಾರದು. ಜೋತ ಕಡೆ ನೀರು ನಿಂತು, ಬಿಡಿಸಲು ಹೊರಟ ಕಟ್ಟನ್ನೇ ಮತ್ತೆ ಹಾಕಿದಂತಾಗುತ್ತದೆ. ಊರಲ್ಲೇ ಓಡುವ ಗಾಡಿಯ ಡಬ್ಬಿಯಲ್ಲಿ ಚಳಿಗಾಲದಲ್ಲಿ ಸಿಗುವುದು ಹೆಚ್ಚಾಗಿ ನೀರು ಬೆರೆತ ರಾಡಿ. ಅದನ್ನು ಮತ್ತೆ ಎಂಜಿನ್ನಿಗೆ ಸುರಿಯದೆ ಹಳೆಯ ಆಯಿಲ್ಲಿನ ಡ್ರಮ್ಮಿಗೆ ಹಾಕಬೇಕು.