ಇನ್ಮೇಲೆ ಮನೆ ಮಾತು

ಇಷ್ಟು ದಿನ ಗುಡಿ, ಜಾತ್ರೆ, ಕೋಟೆ ಅಂತ ಬರೀತಿದ್ದೆ. ಇನ್ಮೇಲೆ ಮನೆ ಮಾತೇ ಬರೀತೀನಿ.

‘ಮನೆ ಮಾತಿನಾಗೆ ಏನೈತೆ?’ ಅನ್ಬ್ಯಾಡ್ರಿ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆ ಮ್ಯಾಲೆ ಅಶೋಕ ಚಕ್ರವರ್ತಿ ಕೆತ್ತಿಸಿದ್ದೇನು? ಅಪ್ಪ-ಅವ್ವನ ಮಾತು ಕೇಳ್ರಿ, ಜೀವಗಳ ಮ್ಯಾಲೆ ದಯೆ ಇಡ್ರಿ, ನಿಜ ಹೇಳ್ರಿ, ಗುರುಗಳಿಗೆ ಮರ್ಯಾದಿ ಕೊಡ್ರಿ ಅಂತ. ಇವೂ ಮನೆ ಮಾತೇ ಅಲ್ವಾ?

ಆದ್ರೆ ಅದು ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕಲ್ಲು ಉಳೀತು, ಓದೋರು ಉಳೀಲಿಲ್ಲ. ಬಿ.ಎಲ್. ರೈಸ್ ಬಂದು ಗುರ್ತಿಸ್ಬೇಕಾತು.

ಅದ್ಕೇ ನಾನು ಮನೆಯೋರು ಓದೋ ಮಾತಿನಾಗೇ ಬರೀತೀನಿ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಜಿಐ ಗುರುತು ಸಿಕ್ಕೈತೆ. ಲಾಳಿ, ಹಾಸು, ಹೊಕ್ಕು ಅನ್ನೋ ಮಗ್ಗದ ಮಾತಿಗೆ, ಚಳ್ಳಕೆರೆ ಕಂಬಳಿ ನೇಯೋರ ಮಾತಿಗೆ ಯಾರು ಗುರುತು ಕೊಡ್ತಾರೆ? ಮಗ್ಗ ನಿಂತ ಮನೆಯಾಗೆ ಆ ಮಾತೂ ನಿಲ್ತಾವೆ. ಆಡೋರು ಇರೋವಾಗ್ಲೇ ಕೇಳಿ ಬರ್ದಿಡಬೇಕು.