ಮರೆಹೊಕ್ಕವನಿಗೆ ಮರುವಿಚಾರಣೆ

‘ಶರಣಾಗತ ವಜ್ರಪಂಜರ’ ಎಂಬುದು ನಮ್ಮ ಹಳೆಯ ಶಾಸನಗಳಲ್ಲಿ ಅರಸರೂ ಸಾಮಂತರೂ ಹೊತ್ತು ಮೆರೆದ ಬಿರುದು. ಮರೆಹೊಕ್ಕವನಿಗೆ ವಜ್ರದ ಪಂಜರದಂತೆ ಕಾವಲಾಗುವವನೆಂದು ಅದರ ಅರ್ಥ. ಬಿರುದು ಶಾಸನದ ಕಲ್ಲಿನಲ್ಲಿ ಉಳಿಯಿತು. ಪಂಜರ ಮಾತ್ರ ನೆಲಮಂಗಲದ ಸಮೀಪದ ಸೊಂಡೆಕೊಪ್ಪಕ್ಕೆ, ವಿದೇಶೀಯರನ್ನು ಕೂಡಿಹಾಕುವ ಕೇಂದ್ರವಾಗಿ ಬಂದಿತು.

‘ನನ್ನನ್ನು ಊರಿಗೆ ಅಟ್ಟಿದರೆ ಕೊಲ್ಲುತ್ತಾರೆ’ ಎಂದು ಒಬ್ಬನು ಹೇಳಿದನೆನ್ನಿ. ಅಧಿಕಾರಿ ನಂಬಲಿಲ್ಲ. ಅಧಿಕಾರಿಯೇ ತಪ್ಪಿದ್ದರೆ ತಿದ್ದುವವರು ಯಾರು? ಅಂಥವನ ಮಾತನ್ನು ನಂಬುವ ಬಿಡುವ ಪ್ರಶ್ನೆಯೆದ್ದಾಗ ಅವನನ್ನು ಎದುರಿಗೆ ಕರೆದು ಕೇಳಲೇಬೇಕೆಂದು ಕೆನಡಾದ ಸುಪ್ರೀಂ ಕೋರ್ಟು 1985ರಲ್ಲಿ ತೀರ್ಪಿತ್ತಿತು. ಇಂದು ಅಲ್ಲಿ ಆಶ್ರಯ ನಿರಾಕರಿಸಲ್ಪಟ್ಟವನು 15 ದಿನಗಳೊಳಗೆ ಫೆಡರಲ್ ಕೋರ್ಟಿನ ಅನುಮತಿ ಬೇಡಬಹುದು. ಆ ಕೋರ್ಟು ತಾನೇ ಆಶ್ರಯ ಕೊಡುವುದಿಲ್ಲ. ನಿರಾಕರಣೆಗೆ ಕೊಟ್ಟ ಕಾರಣಗಳು ನಿಲ್ಲುತ್ತವೆಯೇ ಎಂದು ನೋಡುತ್ತದೆ. ನಿಲ್ಲದಿದ್ದರೆ ಮತ್ತೆ ವಿಚಾರಿಸಿರೆಂದು ಹಿಂದಕ್ಕೆ ಕಳುಹಿಸುತ್ತದೆ. ಅಷ್ಟೆ.

ನಮ್ಮಲ್ಲಿ ಅಷ್ಟೂ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1946ರ ವಿದೇಶೀಯರ ಕಾಯಿದೆ ಹೋಗಿ 2025ರಲ್ಲಿ ಹೊಸದು ಬಂದಿತು. ಆಶ್ರಯ ಬೇಡಿದವನ ಅಹವಾಲು ಕೇಳಿ ತೀರ್ಮಾನಿಸುವ ವಿಧಾನ ಅದರಲ್ಲಿಯೂ ಇಲ್ಲ. ನಿರಾಕರಣೆಯ ಆಜ್ಞೆಯೇ ಇಲ್ಲದಿರುವಾಗ ನ್ಯಾಯಾಧೀಶರು ಪರಿಶೀಲಿಸುವುದು ಏನನ್ನು? ಜೀವದ ರಕ್ಷಣೆ ನಾಗರಿಕನಿಗೆ ಮಾತ್ರವಲ್ಲ, ಪ್ರತಿಯೊಬ್ಬನಿಗೂ ಉಂಟೆಂದು ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಸಾರಿತು. ಅದೇ ಕೋರ್ಟು 2021ರ ಏಪ್ರಿಲ್‌ನಲ್ಲಿ, ರೋಹಿಂಗ್ಯಾರನ್ನು ವಿಧಿವತ್ತಾದ ಕ್ರಮ ಅನುಸರಿಸದೆ ಗಡೀಪಾರು ಮಾಡಬಾರದೆಂದಿತು. ಒಳ್ಳೆಯದೇ. ಆದರೆ ಪ್ರಾಣಭಯದ ಮಾತನ್ನೇ ಕೇಳದ ಕ್ರಮವನ್ನು ಎಷ್ಟು ವಿಧಿವತ್ತಾಗಿ ಅನುಸರಿಸಿದರೇನು ಫಲ?

‘ಬೈಲಕುಪ್ಪೆಯನ್ನು ನೋಡಿ, ಟಿಬೆಟಿನವರಿಗೆ ನೆಲ ಕೊಟ್ಟವರು ನಾವು’ ಎನ್ನುವವರುಂಟು. ಕೊಟ್ಟದ್ದು ದೊಡ್ಡ ಮನಸ್ಸೇ ಸರಿ. ಆದರೆ ಅದು ಕೃಪೆ. ಕೃಪೆ ಒಬ್ಬನಿಗೆ ಒಲಿದು ಇನ್ನೊಬ್ಬನಿಗೆ ಮುನಿಯಬಹುದು. ಅದನ್ನು ಕೋರ್ಟಿನಲ್ಲಿ ಕೇಳಿ ಪಡೆಯಲಾಗುವುದಿಲ್ಲ.

‘ಅಧಿಕಾರಿಗಳಿಗೆ ಪರಕೀಯರು ಯಾರೆಂದು ಗೊತ್ತಿಲ್ಲವೇ?’ ಎಂಬುದು ಮತ್ತೊಂದು ವಾದ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರೆಂಬ ನೆಪದಿಂದ ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಇದ್ದರು. ಆ ಕೃತ್ಯ ಕಾನೂನಿಗೆ ವಿರುದ್ಧವೆಂದು ಹೈಕೋರ್ಟು ಹೇಳಿತು. ಸ್ವಂತ ನಾಡಿನವರನ್ನೇ ಗುರುತಿಸಲಾರದ ಕಣ್ಣು, ಪರದೇಶಿಯ ಎದೆಯೊಳಗಿನ ಭಯವನ್ನು ಕಂಡೀತೇ?

ಇದೇ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಭವಿಷ್ಯ ನಿಧಿಯ ಹೊಸ ನಿಯಮವನ್ನು ಕೇಂದ್ರ ಸರಕಾರ ಎರಡು ದಿನದೊಳಗೆ ಹಿಂತೆಗೆಯಿತು. ನಾಗರಿಕನಿಗೆ ರಸ್ತೆಯುಂಟು, ಮತವುಂಟು. ನಿರಾಶ್ರಿತನು ರಸ್ತೆಗಿಳಿದರೆ ಲಾರಿ ಹತ್ತಿಸುತ್ತಾರೆ; ಅವನಿಗೆ ಮತವಿಲ್ಲ. ಅವನಿಗೆ ಉಳಿಯುವುದು ಕೋರ್ಟಿನ ಮೆಟ್ಟಿಲೊಂದೇ.

ಬಂದವರೆಲ್ಲರನ್ನೂ ಇಟ್ಟುಕೊಳ್ಳಿರೆಂದು ಯಾರೂ ಹೇಳುತ್ತಿಲ್ಲ. ಸುಳ್ಳು ಹೇಳುವವರೂ ಇರುತ್ತಾರೆ, ಅವರನ್ನು ಕಳುಹಿಸಿರಿ. ಆದರೆ ಕೇಳಿ ಕಳುಹಿಸಿರಿ, ಕಾರಣ ಬರೆದು ಕಳುಹಿಸಿರಿ, ಆ ಬರಹ ನ್ಯಾಯಾಧೀಶರ ಕಣ್ಣಿಗೆ ಬಿದ್ದ ಮೇಲೆ ಕಳುಹಿಸಿರಿ. ಕಳ್ಳನಿಗೂ ಅಪೀಲು ಕೊಟ್ಟಿರುವ ದೇಶ ನಮ್ಮದು. ಪ್ರಾಣಭಿಕ್ಷೆ ಬೇಡಿದವನಿಗೆ ಅದನ್ನು ಕೊಡಲು ಪಾರ್ಲಿಮೆಂಟಿಗೆ ಒಂದು ಕಾಯಿದೆ ಸಾಕು.